ಮೂವತ್ತರ ಹಲಗೆ

"ಈ ಹಲಗೇನ ನಾಲ್ಕು ಬೆರಳು ಕತ್ತರಿಸಯ್ಯಾ!" ಮೇಲ್ವಿಚಾರಕ ಬಡಗಿಯ ಮುಖದೆದುರು ಕಾಗದ ಝಾಡಿಸಿದ. ಪ್ರದರ್ಶನದ ಬಾಗಿಲು ತೆರೆಯಲು ಇನ್ನೊಂದೇ ಗಂಟೆ.

ಬಡಗಿಯ ಹೆಂಡತಿ ಪಕ್ಕದ ಗೋಪುರದ ಹಿಂದೆ ಎರಡೂ ಕೈಯ ಆಸರೆ ಕೊಟ್ಟು ನಿಂತಿದ್ದಳು. ಎರಡು ಸಿರಿವಂತ ದೇಶ, ಎರಡು ಹಲಗೆಯ ಗೋಪುರ. ಕೆಳಗೆ ಕೂಸುಗಳ ಹಲಗೆ, ಮೇಲೇರಿದಂತೆ ವಯಸ್ಸಾದವರದು. ಆ ವಯಸ್ಸಿನವರು ಎಷ್ಟು ಜನವೋ ಹಲಗೆ ಅಷ್ಟು ಉದ್ದ. ವರ್ಷ ವರ್ಷ ಅಂಕಿ ಬದಲಾಗುವುದರಿಂದ ಮೊಳೆ ಹೊಡೆಯುವಂತಿಲ್ಲ. ಅವಳು ಹಿಡಿದದ್ದು ಈ ದೇಶ: ಕೆಳಗೆ ಸಣಕಲು, ಎಪ್ಪತ್ತರ ಹತ್ತಿರ ದಪ್ಪ, ಥೇಟು ಬುಗುರಿ. ಗಂಡನ ಮುಂದಿದ್ದದ್ದು ನೆರೆಯ ದೇಶ. ಅಲ್ಲೂ ಮುದುಕರಿಗೇನು ಬರವಿಲ್ಲ, ಆದರೆ ಮೂವತ್ತರ ಹಲಗೆ ಉಂಡವನ ಹೊಟ್ಟೆಯ ಹಾಗೆ ಎರಡೂ ಕಡೆ ಚಾಚಿತ್ತು.

"ಮೂವತ್ತು ವರ್ಷದ ಹಿಂದೆ ಅಲ್ಲಿ ಹುಟ್ಟಿದ್ದೇ ಇಷ್ಟು ಕೂಸು. ಈಗ ಅದಕ್ಕಿಂತ ಜಾಸ್ತಿ ಜನ ಎಲ್ಲಿಂದ ಬಂದ್ರು? ಹಲಗೆ ಮರಿ ಹಾಕುತ್ತಾ? ತಪ್ಪು ಅಳತೆಗೆ ನಾನು ಸಹಿ ಹಾಕಲ್ಲ!"

ಮೇಲ್ವಿಚಾರಕನ ಸಹಿಯಿಲ್ಲದೆ ಕೆಲಸ ಮುಗಿದ ಚೀಟಿಯಿಲ್ಲ. ಚೀಟಿಯಿಲ್ಲದೆ, ಹೊರದೇಶದಿಂದ ದುಡಿಯಲು ಬಂದ ಗಂಡಹೆಂಡಿರಿಗೆ ಈ ನೆಲದಲ್ಲಿ ಉಳಿಯುವ ಪರವಾನಗಿಯಿಲ್ಲ. ಅವಳ ಮೈಯೆಲ್ಲ ಉರಿಯಿತು.

"ಕತ್ತರಿಸಿ ಬಿಸಾಕ್ರೀ! ನಮ್ಮ ಗಂಟೇನು ಹೋಗುತ್ತೆ?"

"ನೀನು ಸುಮ್ನೆ ನಿನ್ನ ಕೆಲಸ ನೋಡೇ," ಎಂದು ಗಂಡ ನಕ್ಕ. ಮೂವತ್ತರ ಹಲಗೆಯನ್ನು ಹುಷಾರಾಗಿ ಎಳೆದು, ಆ ಜಾಗಕ್ಕೆ ಗಿಡ್ಡ ತುಂಡೊಂದನ್ನು ತೂರಿಸಿದ. "ಈಗ ಸರೀನಾ ಸಾರ್?"

"ಹಾಂ, ಹೀಗಿರ್ಬೇಕು!" ಮೇಲ್ವಿಚಾರಕ ಮೆಚ್ಚಿ ಗೋಪುರದ ತಲೆ ತಟ್ಟಿದ. ಅಷ್ಟೇ. ಎಪ್ಪತ್ತು, ಎಂಬತ್ತು, ತೊಂಬತ್ತು ಒಟ್ಟಿಗೆ ವಾಲಿ ಅವನ ಎದೆಗೇ ಬಂದವು. ಬಾಚಿ ತಬ್ಬಿಕೊಂಡ.

"ಹಾಗೇ ಹಿಡ್ಕೊಂಡಿರಿ ಸಾರ್. ಹುಟ್ಟಿದೋರು ಅಷ್ಟೇ, ನಿಮ್ಮ ಲೆಕ್ಕ ಸರಿ. ನೀವು ಕತ್ತರಿಸು ಅಂದದ್ದು ಆಮೇಲೆ ಹೊರಗಿಂದ ಬಂದೋರನ್ನ. ನಮ್ಮಂಥೋರನ್ನ."

"ಹಾಕಯ್ಯಾ ಬೇಗ!"

ಉದ್ದದ ಹಲಗೆ ಒಳಸೇರಿತು. ಮುದುಕರೆಲ್ಲ ನೆಟ್ಟಗೆ ಕೂತರು. ನಾಲ್ಕನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಬಂದ ಈ ಮನುಷ್ಯನನ್ನು ಹೆಂಡತಿ ಇವತ್ತೇ ಕಂಡವಳ ಹಾಗೆ ನೋಡಿದಳು.

ಮೇಲ್ವಿಚಾರಕ ಬೆವರು ಒರೆಸಿಕೊಂಡು ಇತ್ತ ತಿರುಗಿದ. ಅವಳು ಪಾಲಿಶ್ ಹಚ್ಚುತ್ತಿದ್ದಾಳೆಂದೇ ಅವನು ತಿಳಿದಿದ್ದ.

"ಹಾಗಾದ್ರೆ ನಮ್ದು? ಇದಕ್ಕೆ ಹೊಟ್ಟೇನೇ ಇಲ್ವಲ್ಲ, ಹೇಗೆ ನಿಂತಿದೆ?"

ಹಲಗೆಗಳ ಹಿಂದಿನಿಂದ ಅವಳು ಇಣುಕಿದಳು.

"ಬೇಗ ಸಹಿ ಹಾಕಿ ಸಾರ್. ಬೆಳಗಿಂದ ಇದನ್ನ ಹಿಡ್ಕೊಂಡೇ ಕೈ ಜೋಮು ಹಿಡಿದಿದೆ."