ಕುರುಗೋಡಿನ ಮುದ್ರೆ

“ಲೇ, ಮುಂಗೈ ತೋರಿಸು,” ಎಂದರು ಚಿದಾನಂದಪ್ಪನವರು.

ಎರ್ರಿಸ್ವಾಮಿ ಎರಡೂ ಕೈ ಚಾಚಿದ. ಬಿಸಿಲಿಗೆ ಕಪ್ಪಾಗಿದ್ದವು, ಅಲ್ಲಲ್ಲಿ ತರಚಿದ್ದವು. ಕಾಲೇಜಿನ ನೀಲಿ ಮುದ್ರೆ ಮಾತ್ರ ಎಲ್ಲೂ ಇರಲಿಲ್ಲ.

“ನೋಡಿದ್ರ್ಯಾ?” ಚಿದಾನಂದಪ್ಪನವರು ಪ್ರಿನ್ಸಿಪಾಲರತ್ತ ತಿರುಗಿದರು. “ಇಂವ ಕುರುಗೋಡಿಗೆ ಹೋಗೇ ಇಲ್ಲ. ದಾರ್ಯಾಗ ಯಾವ್ದೋ ಗಿಡದ ನೆರಳಿಗೆ ಮಕ್ಕೊಂಡು, ಸಂಜಿಗೆ ಎದ್ದು ಬಂದಾನ.”

ಅದು 1951ನೇ ಇಸವಿ. ಹಿಂದಿನ ದಿನ, ಭಾನುವಾರ, ಕಾಲೇಜಿನ ಮೊಟ್ಟಮೊದಲ ಸೈಕಲ್ ಪಂದ್ಯ ನಡೆದಿತ್ತು. ಬಳ್ಳಾರಿಯಿಂದ ಹೊರಟು, ಕುರುಗೋಡಿನಲ್ಲಿ ಮುಂಗೈ ಮೇಲೆ ಮುದ್ರೆ ಹಾಕಿಸಿಕೊಂಡು ಹಿಂದಿರುಗಬೇಕು. ಮುದ್ರೆ ಹಾಕುವವರು ಕ್ರೀಡಾ ಸಮಿತಿಯ ಅಧ್ಯಕ್ಷರಾದ ಚಿದಾನಂದಪ್ಪನವರೇ. ಬೇರೆಯವರ ಕೈಗೆ ಕೊಟ್ಟರೆ ಮೋಸ ನಡೆಯುತ್ತದೆಂಬುದು ಅವರ ವಾದ. ಮೋಸವೆಂದರೆ ಅವರಿಗೆ ಮೈಯೆಲ್ಲ ಉರಿ. ಹೈಜಂಪಿನ ಕೋಲನ್ನು ಒಂದು ಬೆರಳು ತಗ್ಗಿಸಿದನೆಂದು ಹಿಂದಿನ ವರ್ಷ ಡ್ರಿಲ್ ಮಾಸ್ತರನನ್ನೇ ಮನೆಗೆ ಕಳಿಸಿದ್ದರು.

ಅವರು ಅಷ್ಟೇ ಕಟ್ಟುನಿಟ್ಟಾಗಿದ್ದ ಇನ್ನೊಂದು ವಿಷಯವೆಂದರೆ ಕುರ್ಚಿ. ಬೆನ್ನಿಗೆ ತಮ್ಮ ಹೆಸರು ಕೆತ್ತಿಸಿ ತಾವೇ ಕಾಲೇಜಿಗೆ ದಾನ ಕೊಟ್ಟ ಸಾಗುವಾನಿ ಕುರ್ಚಿ ಅದು. ಅದನ್ನು ಬಿಟ್ಟು ಅವರು ಬೇರೆಲ್ಲೂ ಕೂರುವವರಲ್ಲ. ಫುಟ್‌ಬಾಲ್ ಪಂದ್ಯವಿರಲಿ, ಬಹುಮಾನ ಹಂಚುವುದಿರಲಿ, ಕುರ್ಚಿ ಮೊದಲು ಹೋಗಬೇಕು, ಅವರು ಆಮೇಲೆ. ಜವಾನ ಉಚ್ಚಂಗೆಪ್ಪ ಶನಿವಾರವೇ ಅದನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಹೋಗಿ, ಕುರುಗೋಡಿನ ರಸ್ತೆ ಬದಿಯ ಬೇವಿನ ಮರದ ಕೆಳಗೆ ಇಟ್ಟು ಬಂದಿದ್ದ. ಸೋಮವಾರ ಸಂಜೆಯ ಬಸ್ಸಿಗೆ ಹೋಗಿ ತಿರುಗಿ ತರಬೇಕೆಂದು ಅಪ್ಪಣೆಯಾಗಿತ್ತು.

ಭಾನುವಾರ ನಸುಕಿನಲ್ಲೇ ಅಧ್ಯಕ್ಷರ ಕಾರು ಹೊರಟಿತು. ಅದರ ಹಿಂದೆ ಸೈಕಲ್ಲುಗಳು. ಮೈದಾನ ಬಿಡುವಾಗ ಎಲ್ಲರಿಗಿಂತ ಮುಂದಿದ್ದವನು ಎರ್ರಿಸ್ವಾಮಿಯೇ. ಆದರೆ ಮೊದಲು ತಿರುಗಿ ಬಂದವನು ಹಾಲಸಿದ್ದಪ್ಪ, ಅದೂ ಪೆಂಡಾಲು ಕಟ್ಟಿ ಮುಗಿಯುವ ಮೊದಲೇ. ಇಡೀ ಜಿಲ್ಲೆಯಲ್ಲಿ ಇಂಥ ವೇಗ ಕಂಡಿಲ್ಲವೆಂದು ಜನ ಅವನನ್ನು ಎತ್ತಿ ಕುಣಿಸಿದರು. ಅವನ ಬೆನ್ನಿಗೇ ಉಳಿದವರೂ ಬಂದರು. ಎಲ್ಲರ ಮುಂಗೈಯಲ್ಲೂ ಅಚ್ಚುಕಟ್ಟಾದ ನೀಲಿ ಮುದ್ರೆ. ದಾರಿಯಲ್ಲಿ ಕೊಳಗಲ್ಲಿನ ಅಕ್ಕನ ಮನೆಯಲ್ಲಿ ಊಟ ಮುಗಿಸಿಕೊಂಡು ಬಂದ ಅಧ್ಯಕ್ಷರು ತೇಗುತ್ತಲೇ ಬಹುಮಾನದ ಢಾಲು ಕೊಟ್ಟರು.

ಎರ್ರಿಸ್ವಾಮಿ ಮೈದಾನ ತಲುಪಿದ್ದು ದೀಪ ಹಚ್ಚುವ ಹೊತ್ತಿಗೆ, ಸೈಕಲ್ ತಳ್ಳಿಕೊಂಡು. ಆಗ ಅಲ್ಲಿ ಉಚ್ಚಂಗೆಪ್ಪನನ್ನು ಬಿಟ್ಟು ಯಾರೂ ಇರಲಿಲ್ಲ.

ಸೋಮವಾರ ಬೆಳಗಾಗುತ್ತಲೇ ವಿಚಾರಣೆ ಶುರುವಾಯಿತು. ಮೋಸ ರುಜುವಾತಾದರೆ ಅವನ ಹೆಸರನ್ನು ಕಾಲೇಜಿನಿಂದಲೇ ಹೊಡೆದುಹಾಕುತ್ತಾರೆ. ಸಿರುಗುಪ್ಪದ ಅವನ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ತಾಯಿ ಊರಮ್ಮ ನೀರಿಗೆ ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡು ಮೆರೆಯುತ್ತಿದ್ದಳು. ಅವಳಿಗೆ ಯಾವ ಮುಖ ತೋರಿಸುವುದೆಂಬುದೇ ಅವನ ಚಿಂತೆ.

ಮೊದಲ ಸಾಕ್ಷಿ ಹಾಲಸಿದ್ದಪ್ಪ. ಪ್ರಿನ್ಸಿಪಾಲರು ಸಾಧು ಮನುಷ್ಯ. ಮೆಲ್ಲಗೆ ಕೇಳಿದರು: “ಕುರುಗೋಡಿನಲ್ಲಿ ಬಿಸಿಲು ಬಹಳ ಇತ್ತೇನಪ್ಪ?”

“ಏನಿಲ್ರಿ ಸಾರ್. ಅಧ್ಯಕ್ಷರು ಪಡಸಾಲ್ಯಾಗ ಕುಂದ್ರಿಸಿ ಮಜ್ಜಿಗಿ ಕೊಡಿಸಿದ್ರು. ಬಿಸಿಬಿಸಿ ಮೆಣಸಿನಕಾಯಿ ಬಜಿ...”

ಅಧ್ಯಕ್ಷರು ಕೆಮ್ಮಿದರು.

“...ಬೇವಿನ ಗಿಡದ ಕೆಳಗ್ರಿ,” ಎಂದು ಹಾಲಸಿದ್ದಪ್ಪ ಮುಗಿಸಿದ.

ಪ್ರಿನ್ಸಿಪಾಲರು ಎರ್ರಿಸ್ವಾಮಿಯತ್ತ ನೋಡಿದರು. “ನಿನಗೇಕೆ ಅಷ್ಟು ತಡವಾಯಿತು?”

“ಹಿಂದ ಭಾರ ಇತ್ರಿ ಸಾರ್.”

“ಭಾರ ನಿನ್ನ ಕಣ್ಣಾಗಿತ್ತಲೇ, ನಿದ್ದಿ ಭಾರ!” ಎಂದರು ಚಿದಾನಂದಪ್ಪನವರು. ಎಲ್ಲರೂ ನಕ್ಕರು. ನಗುತ್ತ ಕುರ್ಚಿಗೆ ಒರಗಿದ ಅಧ್ಯಕ್ಷರ ಬೆರಳಿಗೆ ಅದರ ತೋಳಿನ ಮೇಲೆ ಏನೋ ತರಿತರಿಯಾಗಿ ತಗುಲಿತು. ಬಗ್ಗಿ ನೋಡಿದರು. ಹಗ್ಗ ಉಜ್ಜಿದ ಗುರುತು.

“ಏನಲೇ ಉಚ್ಚಂಗ್ಯಾ, ಇಷ್ಟು ಬಿಗಿದು ಕಟ್ತಾರೇನು? ಪಾಲಿಶ್ ಎಲ್ಲ ಹೋತು!”

ಬಾಗಿಲಲ್ಲಿ ನಿಂತಿದ್ದ ಉಚ್ಚಂಗೆಪ್ಪ ಚಾವಣಿಯ ಜಂತಿ ನೋಡತೊಡಗಿದ.

ಅಧ್ಯಕ್ಷರು ಮತ್ತೆ ಎರ್ರಿಸ್ವಾಮಿಯ ಮೇಲೆ ಎರಗಿದರು. “ಬೆಳಗಿನಿಂದ ಮಧ್ಯಾಹ್ನದ ತನಕ ಕುರುಗೋಡಿನ ಬೇವಿನ ಗಿಡದ ಕೆಳಗ, ಇದ ಕುರ್ಚಿ ಮ್ಯಾಲೆ ಕುಂತಿದ್ದೆ. ಅತ್ಲಾಗ ಇತ್ಲಾಗ ಅಲುಗಾಡಿಲ್ಲ. ನನ್ನ ನೋಡಿದೆ ಏನು? ಖರೇ ಹೇಳು.”

“ಇಲ್ರಿ. ನೋಡ್ಲಿಲ್ಲ.”

“ಆತಲ್ಲ! ಅವನ ಬಾಯಿಂದಲೇ ಬಂತು! ಹೋಗಿದ್ರ ನನ್ನ ನೋಡದ ಇರ್ತಿದ್ದನೇನ್ರಿ?”

ಪ್ರಿನ್ಸಿಪಾಲರಿಗೆ ಹುಡುಗನ ಮೇಲೆ ಕನಿಕರವಿತ್ತು. ಆದರೂ ಮಸಿಯಲ್ಲಿ ಲೇಖನಿ ಅದ್ದಿದರು. ಬರೆಯುವ ಮೊದಲು ಧರ್ಮಕ್ಕೆಂಬಂತೆ ಒಂದು ಮಾತು ಕೇಳಿದರು: “ಕುರುಗೋಡಿಗೆ ಹೋಗಿದ್ದೆ ಅನ್ನುವುದಕ್ಕೆ ನಿನ್ನ ಹತ್ತಿರ ಏನಾದರೂ ಗುರುತು ಇದೆಯೇನಪ್ಪ?”

“ಐತ್ರಿ ಸಾರ್. ಮುದ್ರೆ ಹಾಕಾಕ ಅಲ್ಲಿ ಯಾರೂ ಇರ್ಲಿಲ್ಲ. ಬರಿಗೈಲೆ ಬಂದ್ರ ಯಾರು ನಂಬ್ತಾರ ಅಂತ, ಅಲ್ಲಿದ್ದದ್ದನ್ನ ಸೈಕಲ್ಲಿಗೆ ಕಟ್ಕೊಂಡು ಬಂದೆ.”

“ಎಲ್ಲಿದೆ, ತೋರಿಸು.”

ಎರ್ರಿಸ್ವಾಮಿ ಕೈಮುಗಿದ. “ಅಧ್ಯಕ್ಷರು ಒಂದೀಟು ಎದ್ದು ನಿಂತ್ರ ತೋರಿಸ್ತೀನ್ರಿ.”