ಅಮ್ಮ ಕೈ ಎತ್ತಿದಾಗ

ಅಪ್ಪ ಮಸ್ಕತ್ತಿನಿಂದ ವಾಪಸು ತಂದಿದ್ದ ಕ್ಯಾಸೆಟ್ಟಿನಿಂದ, ಘಣಸೋಲಿಯ ನನ್ನ ಕೋಣೆಯಲ್ಲಿ ಹಾಡೊಂದನ್ನು ಕಟ್ಟುತ್ತಿದ್ದೇನೆ. ಅದರಲ್ಲಿದ್ದ ಅಮ್ಮನ ಮಾತು ತೆಗೆದುಹಾಕಿ, ನಡುನಡುವಿನ ‘ಟಕ್’ ಸದ್ದನ್ನೇ ತಾಳಕ್ಕೆ ಇಟ್ಟುಕೊಂಡಿದ್ದೇನೆ.

ಅಪ್ಪ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾಗ ನಾವು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಪಕ್ಕದಲ್ಲಿದ್ದೆವು. ಸುಟ್ಟ ರಬ್ಬರಿನಂಥ ಫ್ಯಾಕ್ಟರಿ ವಾಸನೆ ಬಂದ ಮಧ್ಯಾಹ್ನ ಬಿಲ್ಡಿಂಗಿನವರೆಲ್ಲ ಕಿಟಕಿ ಮುಚ್ಚುತ್ತಿದ್ದರು. ಗದ್ದಲ ಅಡಗಿದ ಆ ಹೊತ್ತಿನಲ್ಲೇ ಅಮ್ಮ ಅಪ್ಪನಿಗೆ ಕಳಿಸಲು ಮಾತು ರೆಕಾರ್ಡ್ ಮಾಡುತ್ತಿದ್ದಳು. ಒಂದು ದಿನ ನನ್ನನ್ನು ಟೇಪ್‌ರೆಕಾರ್ಡರ್ ಮುಂದೆ ಕೂರಿಸಿ, “ನಾನು ಕೈ ಎತ್ತಿದ ಕೂಡ್ಲೇ ನಿಲ್ಲಿಸ್ಬೇಕು, ಆಯ್ತಾ?” ಎಂದಳು.

“ಇಲ್ಲಿ ಎಲ್ಲ ಸೌಖ್ಯ” ಎಂದವಳೇ ಕೈ ಎತ್ತಿದಳು. ಟಕ್ಕನೆ ಗುಂಡಿ ಒತ್ತಿದೆ. ಸೆರಗಿಗೆ ಮುಖ ಒತ್ತಿಕೊಂಡು, ಗಂಟಲು ಸರಿಮಾಡಿಕೊಂಡು, “ಹ್ಞೂಂ, ಹಾಕು” ಎಂದಳು. ಎರಡು ಮಾತಾಡಿ ಮತ್ತೆ ಕೈ ಎತ್ತಿದಳು. ಸೆಕೆಗೆ ಬನಿಯನ್ ಬೆನ್ನಿಗಂಟಿತ್ತು, ಕಾಲು ಜೋಮು ಹಿಡಿದಿತ್ತು. “ಒಮ್ಮೆಗೇ ಹೇಳಿ ಮುಗಿಸಮ್ಮಾ!” ಎಂದು ಸಿಡುಕಿದೆ.

ತಿಂಗಳ ಮೇಲೆ ಅಪ್ಪನ ಫೋನು ಬಂತು. ಅಮ್ಮ ಹಿಡಿದಿದ್ದ ರಿಸೀವರಿಗೆ ನಾನೂ ಕಿವಿ ಹಚ್ಚಿದೆ. “ಮಧ್ಯ ಮಧ್ಯ ಟಕ್ ಟಕ್ ಕೇಳ್ತದಲ್ಲ ಮಾರಾಯ್ತಿ, ಟೇಪ್ ಹಾಳಾಗಿದಾ?”

“ಹೌದು, ಹಾಳಾಗಿದೆ” ಎಂದ ಅಮ್ಮ ನನ್ನತ್ತ ತಿರುಗಿ ಕೈ ಎತ್ತಿದಳು. ಫೋನಿನಲ್ಲಿ ನಾನು ಒತ್ತುವಂಥ ಗುಂಡಿ ಇರಲಿಲ್ಲ.