ಕೆಂಪಕ್ಷರದ ಮಾತು

‘ತಲೆ ತಗ್ಗಿಸಿಕೊಂಡು ಹೋಗುವುದು ಕೈಲಾಗದವರ ಕೆಲಸ. ತಪ್ಪು ಮಾಡಿದವರೇ ನಿನ್ನ ಬಾಗಿಲಿಗೆ ಬರಲಿ.’

ಚಿಕ್ಕಮ್ಮ ಫೋನಿನಲ್ಲಿ ಕಳಿಸಿದ್ದ ಚಿತ್ರದಲ್ಲಿ ಇದ್ದದ್ದು ಈ ಮಾತು. ಕೆಂಪಕ್ಷರ, ಸುತ್ತ ಹೂಬಳ್ಳಿ ಬೇರೆ. ಕೆಳಗೆ ಅವಳೇ ಬರೆದಿದ್ದಳು: ‘ಇಂದಿನ ವಾಕ್ಯ ನೋಡು. ದೇವರೇ ಹೇಳಿದ ಮೇಲೆ ಮುಗೀತು. ನಾನು ಆಸ್ಪತ್ರೆಗೆ ಬರಲ್ಲ.’

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಗಳಿಗೆ ಮೈಯೆಲ್ಲ ಉರಿಯಿತು. ಒಳಗೆ ಅಮ್ಮ ಮಲಗಿದ್ದಳು. ಬೆಳಗಾದರೆ ಹೃದಯದ ಆಪರೇಷನ್. ಡಾಕ್ಟರು ಭರವಸೆಯ ಮಾತನ್ನು ಅಳೆದೂ ಸುರಿದೂ ಆಡಿದ್ದರು. ಅಮ್ಮ ಕೇಳಿದ್ದು ಒಂದೇ, ಒಳಗೆ ಕರೆದುಕೊಂಡು ಹೋಗುವ ಮುಂಚೆ ತಂಗಿಯನ್ನು ಒಂದು ಸಲ ನೋಡಬೇಕು. ಅಕ್ಕತಂಗಿಯರು ಮಾತು ಬಿಟ್ಟದ್ದಾದರೂ ಎಂಥ ಘನಕಾರ್ಯಕ್ಕೆ! ಅಜ್ಜಿಯ ಹೊಲಿಗೆ ಮೆಷಿನ್ನು ಯಾರ ಮನೆಗೆ ಹೋಗಬೇಕು ಅಂತ. ಮೆಷಿನ್ನು ತುಕ್ಕು ಹಿಡಿದು ಯಾರಿಗೂ ಬೇಡವಾಗಿದೆ, ಜಗಳ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ನಿನ್ನೆ ಕೈಕಾಲು ಹಿಡಿದು ಚಿಕ್ಕಮ್ಮನನ್ನು ಒಪ್ಪಿಸಿದ್ದಾಗಿತ್ತು.

ಆ ಮಾತು ದೇವರದ್ದೂ ಅಲ್ಲ, ದಿಂಡರದ್ದೂ ಅಲ್ಲ. ಗ್ರಂಥದ ಕಥೆಯೊಂದರಲ್ಲಿ ಒಬ್ಬ ಒಳ್ಳೆಯ ಹೆಂಗಸಿನ ತಲೆ ಕೆಡಿಸಲು ದುರಾತ್ಮ ಅವಳ ಕಿವಿಯಲ್ಲಿ ಊದಿದ್ದು. ಮಗಳಿಗೆ ಅದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ದಿನಕ್ಕೊಂದು ‘ಇಂದಿನ ವಾಕ್ಯ’ ತೋರಿಸುವ ಆ ಧರ್ಮಗ್ರಂಥದ ಆ್ಯಪ್ ಕಟ್ಟಿದವರಲ್ಲಿ ಅವಳೂ ಒಬ್ಬಳು. ಸಂಬಳವಿಲ್ಲದ ಕೆಲಸ. ಓಪನ್ ಸೋರ್ಸ್ ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಹಾಗಾಗಿ ಬೇರೆಯವರು ನೋಡಿರುತ್ತಾರೆ ಎಂದು ಎಲ್ಲರೂ ಹಾಯಾಗಿರುತ್ತಾರೆ. ಹಳೆಯ ಕಡತಗಳಲ್ಲಿ ಪ್ರತಿ ಮಾತಿನ ಹಿಂದೆ ಮುಂದೆ ಟ್ಯಾಗ್ ಎಂಬ ಗುರುತು ಹಾಕಿ, ಆಡಿದವರ ಹೆಸರನ್ನು ಆ ಟ್ಯಾಗಿನೊಳಗೇ ಬರೆದಿಟ್ಟಿದ್ದರು. ಆ್ಯಪ್ ಹೆಸರು ನೋಡಿಕೊಂಡು ದೇವರ ಮಾತನ್ನು ಕೆಂಪಗೆ, ಉಳಿದವರದ್ದನ್ನು ಕಪ್ಪಗೆ ತೋರಿಸುತ್ತಿತ್ತು. ಹಳೆಯ ಟ್ಯಾಗುಗಳನ್ನೆಲ್ಲ ಹೊಸ ಕ್ರಮಕ್ಕೆ ತರುತ್ತೇನೆಂದು ಹೊರಟವನು ತಂಡದ ಮುಖಂಡ. ಬೆನ್ನ ಹಿಂದೆ ಎಲ್ಲರೂ ಅವನನ್ನು ಮಹಾಪಂಡಿತ ಎನ್ನುತ್ತಿದ್ದರು. ಗ್ರಂಥದ ಒಂದು ಪುಟ ಓದಿದವನಲ್ಲ, ಟ್ಯಾಗಿನ ಬಗ್ಗೆ ಮಾತ್ರ ಗಂಟೆಗಟ್ಟಲೆ ಭಾಷಣ ಬಿಗಿಯುತ್ತಿದ್ದ.

ಅವನಿಗೇ ಫೋನ್ ಮಾಡಿದಳು. “ಹಳೇ ಮಾತಿನ ಟ್ಯಾಗುಗಳನ್ನ ಏನು ಮಾಡಿದ್ರಿ ಸಾರ್?”

“ಸ್ವಚ್ಛ ಮಾಡಿಬಿಟ್ಟೆ ಮೇಡಂ!” ಮಹಾಪಂಡಿತನ ದನಿಯಲ್ಲಿ ಹೆಮ್ಮೆ ಉಕ್ಕಿತು. “ಹೊಸ ಕ್ರಮದಲ್ಲಿ ದೇವರ ಮಾತಿಗೆ ಮಾತ್ರ ಟ್ಯಾಗ್ ಇರೋದು. ಹಳೇ ಮಾತಿನ ಟ್ಯಾಗ್ ಎಲ್ಲಿ ಕಂಡ್ರೂ ಆ ಜಾಗಕ್ಕೆ ದೇವರ ಟ್ಯಾಗನ್ನೇ ಹಾಕಿಸಿದೆ.”

“ಒಳಗೆ ಯಾರ ಮಾತು ಅಂತ ಹೆಸರು ಬರೆದಿತ್ತಲ್ಲ?”

“ಅದಕ್ಕೆ ಹೊಸ ಕ್ರಮದಲ್ಲಿ ಜಾಗ ಇಲ್ಲ. ಕಸ. ತೆಗೆದುಹಾಕಿದೆ.”

“ಆ ಕಸದಲ್ಲಿ ದುರಾತ್ಮನ ಹೆಸರೂ ಇತ್ತು ಸಾರ್. ಈಗ ಅವನಾಡಿದ್ದೆಲ್ಲ ಕೆಂಪಗಾಗಿ ದೇವರ ಬಾಯಿಗೆ ಹೋಗಿದೆ. ಇಂದಿನ ವಾಕ್ಯನ ಆ್ಯಪ್ ಆರಿಸಿಕೊಳ್ಳೋದು ಕೆಂಪು ಮಾತುಗಳಿಂದಾನೇ. ದಿನಾ ಬೆಳಿಗ್ಗೆ ಯಾರ ಉಪದೇಶ ಹಂಚ್ತಿದೀವಿ ಗೊತ್ತಾ?”

ಮಹಾಪಂಡಿತ ಕೆಮ್ಮಿದ. “ಯಾರೂ ದೂರು ಕೊಟ್ಟಿಲ್ವಲ್ಲ ಮೇಡಂ? ನಿಜ ಹೇಳ್ಬೇಕು ಅಂದ್ರೆ, ಈಚೆಗೆ ಇಂದಿನ ವಾಕ್ಯಕ್ಕೆ ಮೆಚ್ಚುಗೆ ಜಾಸ್ತಿನೇ ಬರ್ತಿದೆ. ಮನಸ್ಸಿಗೆ ಎಷ್ಟು ಸಮಾಧಾನ ಆಯ್ತು ಅಂತ ಬರೀತಾರೆ.”

“ಆಗದೆ ಏನು! ‘ನೀನೇ ಸರಿ, ಉಳಿದವರೆಲ್ಲ ತಪ್ಪು’ ಅಂತ ದಿನಾ ಹೇಳಿಸಿಕೊಂಡರೆ ಯಾರಿಗೆ ಸಮಾಧಾನ ಆಗಲ್ಲ?”

“ಮುಂದಿನ ಸಭೆಯಲ್ಲಿ ಚರ್ಚೆಗೆ ತರೋಣ.”

ಸಭೆಯಂತೆ, ಚರ್ಚೆಯಂತೆ! ಫೋನ್ ಕಟ್ ಮಾಡಿ ಮಗಳು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಹಾಪಂಡಿತ ಕಿತ್ತೆಸೆದಿದ್ದ ಹೆಸರುಗಳು ಹಳೆಯ ಪ್ರತಿಯಲ್ಲಿ ಹಾಗೇ ಇದ್ದವು. ಅವನ್ನು ವಾಪಸು ತಂದು, ಹೆಸರು ನೋಡದೆ ಯಾವ ಮಾತಿಗೂ ಕೆಂಪು ಬಳಿಯಬಾರದೆಂದು ಕೋಡಿಗೆ ಕಟ್ಟಪ್ಪಣೆ ಮಾಡಿದಳು. ದುರಾತ್ಮನ ಮಾತುಗಳ ಪಕ್ಕದಲ್ಲಿ ಅವನ ಹೆಸರೂ ಎದ್ದು ಕಾಣುವಂತೆ ಮಾಡಿದಳು. ನರ್ಸ್ ಎರಡು ಸಲ ಬಂದು ದಾರಿಗಡ್ಡವಾಗಿ ಕೂರಬೇಡಿ ಎಂದು ಗದರಿ ಹೋದಳು. ಸಂಜೆ ನೋಡಬರುವವರ ಹೊತ್ತು ಶುರುವಾಗುವ ವೇಳೆಗೆ ತಿದ್ದಿದ ಆ್ಯಪ್ ಎಲ್ಲರಿಗೂ ಹೋಯಿತು.

ಒಳಗಿಂದ ಅಮ್ಮನ ದನಿ ಕೇಳಿತು. “ಹೊರಟಳಂತೇನೇ ಅವಳು?”

“ಹೊರಡ್ತಾಳಮ್ಮ, ಇರು,” ಎಂದು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಇಷ್ಟು ಹೊತ್ತಿನ ಸಿಟ್ಟೆಲ್ಲ ಇಳಿದಿತ್ತು. “ಚಿಕ್ಕಮ್ಮ, ಅದು ದೇವರ ಮಾತಲ್ಲ. ನಮ್ಮ ಕಡೆಯಿಂದ ತಪ್ಪಾಗಿತ್ತು, ಈಗ ಸರಿಮಾಡಿದೀನಿ. ಆ್ಯಪ್ ಮತ್ತೆ ತೆಗೆದು ಆ ಸಾಲನ್ನ ನೀನೇ ನೋಡು.”

ಚಿಕ್ಕಮ್ಮ ಕನ್ನಡಕ ಹುಡುಕುವ ಸದ್ದು, ಕುರ್ಚಿ ಎಳೆಯುವ ಸದ್ದು. “ಹೌದಲ್ಲೇ! ಅಕ್ಷರ ಕಪ್ಪಗಾಗಿದೆ. ದುರಾತ್ಮ ಅಂತ ಹೆಸರೂ ಬಂದಿದೆ.”

“ನೋಡಿದ್ಯಾ? ದೇವರು ಅಂಥ ಮಾತು ಎಲ್ಲಾದ್ರೂ ಆಡ್ತಾನಾ? ಆಟೋ ಕಳಿಸ್ತೀನಿ, ಬಾ ಚಿಕ್ಕಮ್ಮ. ಅಮ್ಮ ನಿನ್ನ ದಾರಿನೇ ಕಾಯ್ತಿದಾಳೆ.”

ಚಿಕ್ಕಮ್ಮ ಆ ಸಾಲನ್ನು ಇನ್ನೊಮ್ಮೆ, ಸಾವಕಾಶವಾಗಿ, ಬಾಯಿಬಿಟ್ಟು ಓದಿದಳು.

“ಯಾರಾಡಿದರೇನೇ?” ಎಂದಳು. “ನ್ಯಾಯವಾಗೇ ಆಡಿದಾನಲ್ಲ!”